ಸದ್ದು ಮಾಡದ ಹಕ್ಕಿಗಳು

8 ಫೆಬ್ರವರಿ 1998

ಪ್ರೀತಿಯ ಉದ್ದಪ್ಪನಿಗೆ,

ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುವುದನ್ನು ಈಗಲಾದರೂ ಬಿಟ್ಟಿದ್ದೀಯೋ ಇಲ್ಲವೋ? ಇಲ್ಲಿ ಈ ತಿಂಗಳು ನನ್ನ ಸಂಸಾರ ದೊಡ್ಡದಾಗಿದೆ. ಒಂದು ಜೊತೆ ಲವ್ ಬರ್ಡ್ಸ್ ತಂದಿದ್ದೇನೆ. ಒಂದು ಹಸಿರು, ಇನ್ನೊಂದು ಹಳದಿ. ಅಂಗಡಿಯವನು "ಮೇಡಂ, ಬೆಳಗ್ಗೆ ಶುರು ಹಚ್ಚಿಕೊಂಡ್ರೆ ಸಂಜೆವರೆಗೂ ಬಾಯಿ ಮುಚ್ಚಲ್ಲ, ಆಮೇಲೆ ಬಂದು ನನ್ನ ಬೈಬೇಡಿ" ಅಂತ ಮೊದಲೇ ಹೆದರಿಸಿದ್ದ. ಶುದ್ಧ ಸುಳ್ಳುಗಾರ. ಇಷ್ಟು ಸಾಧು ಹಕ್ಕಿಗಳನ್ನು ನಾನು ನೋಡಿಯೇ ಇಲ್ಲ. ಒಂದಕ್ಕೊಂದು ಒರಗಿಕೊಂಡು ಕೂತಿರುತ್ತವೆ, ಆಗೀಗ ಕೊಕ್ಕು ತೆರೆದು ಮುಚ್ಚುತ್ತವೆ, ಅಷ್ಟೇ.

ಅದಲ್ಲದೆ ಸಾವಿರ ತುಂಡಿನ ಒಂದು ಜಿಗ್‌ಸಾ ತಂದಿದ್ದೇನೆ. ಬಂದರಿನ ಚಿತ್ರ. ಅರ್ಧ ಆಕಾಶ, ಅರ್ಧ ಸಮುದ್ರ, ಎರಡೂ ಒಂದೇ ನೀಲಿ. ಮಾಡಿದವನಿಗೆ ಜನರ ಮೇಲೆ ಏನೋ ಹಳೇ ಸಿಟ್ಟು ಇದ್ದಿರಬೇಕು. ಊಟದ ಮೇಜು ಅದಕ್ಕೇ ಮೀಸಲಾಗಿ, ನಾನು ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ಉಣ್ಣುತ್ತಿದ್ದೇನೆ. ವಾರಪತ್ರಿಕೆಯ ಪದಬಂಧವನ್ನಂತೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವಾಗಲೇ ಮುಗಿಸಿಬಿಡುತ್ತೇನೆ. ಆಮೇಲೆ ಕೈಗೆ ಏನೂ ಇರುವುದಿಲ್ಲ. ಕೈ ಸುಮ್ಮನಿದ್ದರೆ ನನಗೆ ಆಗದು ಈಗೀಗ.

ಬಸ್ ನಿಲ್ದಾಣದ ವಿಚಾರಣೆ ಕೌಂಟರು ಮೊದಲಿನ ಹಾಗೇ ಇದೆ. ಅದೇ ಮೈಕು, ಅದೇ "ಪ್ರಯಾಣಿಕರ ಗಮನಕ್ಕೆ". ಪಕ್ಕದ ಕಿಟಕಿಯಲ್ಲಿ ಕೂರುತ್ತಿದ್ದವರನ್ನು ಕಳೆದ ತಿಂಗಳ ಕೊನೆಗೆ ಡಿಪೋದ ಟೈರ್ ಸ್ಟೋರಿಗೆ ಹಾಕಿದರು. ಯಾರೋ ದೂರು ಕೊಟ್ಟಿದ್ದರಂತೆ. ಅವರ ಕಿಟಕಿ ಈಗ ಮುಚ್ಚಿದೆ.

ಅಂದ ಹಾಗೆ, ನನ್ನ ಫೋನು ಕೆಟ್ಟಿದೆ. ಬರೇ ಗೊರಗೊರ. ರಿಪೇರಿಯವರು ಬರುವ ಹೊತ್ತಿಗೆ ನನ್ನ ಕೂದಲು ಪೂರ್ತಿ ಬೆಳ್ಳಗಾಗಿರುತ್ತದೆ. ಕಾಗದ ಬರಿ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಪರವಾಗಿಲ್ಲ.

ನಿನ್ನ ಅಕ್ಕ


21 ಫೆಬ್ರವರಿ 1998

ಅಕ್ಕಾ,

ಕಾಗದ ಸಿಕ್ಕಿತು. ಕೂತುಕೊಂಡು ಓದು. ಕೂತೆಯಾ?

ನಾವಿಬ್ಬರೂ ಟೀವಿಯಲ್ಲಿ ಬರುತ್ತಿದ್ದೇವೆ!

"ಹಾಡು ಹಿಡಿ" ನೋಡುತ್ತೀಯಲ್ಲ, ಭಾನುವಾರ ಬೆಳಗಿನದು? ಒಂದೇ ಮನೆಯ ಇಬ್ಬರನ್ನು ಕೂರಿಸಿ, ಸಿನಿಮಾ ಹಾಡಿನ ಮೊದಲ ನಾಲ್ಕು ಸೆಕೆಂಡಿನ ಸಂಗೀತ ಮಾತ್ರ ಹಾಕುತ್ತಾರೆ. ಯಾವ ಹಾಡು ಅಂತ ಗಂಟೆ ಹೊಡೆದು ಹೇಳಬೇಕು. ನಿನಗೆ ಹೇಳದೆ ಡಿಸೆಂಬರಿನಲ್ಲೇ ಇಬ್ಬರ ಹೆಸರನ್ನೂ ಕಳಿಸಿದ್ದೆ. ಐವತ್ತು ಪ್ರಶ್ನೆಯ ಹಾಳೆ ಬಂದಿತ್ತು, ತುಂಬಿ ಕಳಿಸಿದೆ, ನಲವತ್ತೇಳು ಸರಿಯಂತೆ. ಮೇ ಹದಿನೇಳಕ್ಕೆ ಶೂಟಿಂಗು.

ನಾವು ಚಿಕ್ಕವರಿದ್ದಾಗ ಅಪ್ಪ ರೇಡಿಯೋದ ಕಿವಿ ಹಿಂಡಿದ ತಕ್ಷಣ ನೀನು ಅಡುಗೆಮನೆಯಿಂದಲೇ ಹಾಡಿನ ಹೆಸರು ಕೂಗುತ್ತಿದ್ದೆ. ವಯೊಲಿನ್‌ನವನು ಕಮಾನು ಎತ್ತುವಾಗಲೇ ನಿನಗೆ ಗೊತ್ತಾಗುತ್ತಿತ್ತು. ಅಪ್ಪ "ಇವಳ ಕಿವಿಗೆ ದೃಷ್ಟಿಯಾಗುತ್ತೆ" ಅಂತಿದ್ದರು. ನನಗೆ ಗಂಟೆ ಹೊಡೆಯುವ ಕೆಲಸ ಕೊಡು ಸಾಕು, ಉಳಿದದ್ದು ನೀನು ನೋಡಿಕೋ.

ಇಲ್ಲಿ ನಾನು ರಿಪೇರಿಗೆ ಹೋಗುವ ಹನ್ನೊಂದು ಮಹಡಿಯ ಕಟ್ಟಡವೊಂದರ ಲಿಫ್ಟು ದಿನಾ ಆರರಲ್ಲಿ ನಿಲ್ಲುತ್ತದೆ. ಅದಕ್ಕೆ ಆರನೇ ಮಹಡಿಯಲ್ಲಿ ಯಾರ ಮೇಲೋ ಮನಸ್ಸಾಗಿದೆ ಅಂತ ನಮ್ಮ ಹೆಲ್ಪರನ ವಾದ. ಅದೇ ಮಹಡಿಯ ಒಂದು ಮನೆಯಲ್ಲಿ ಲವ್ ಬರ್ಡ್ಸ್ ಇವೆ. ಅಕ್ಕಾ, ಅವುಗಳ ಕಿರುಚಾಟ ಲಿಫ್ಟಿನ ಬಾವಿಯಲ್ಲಿ ನೇತಾಡುತ್ತಿರುವ ನನಗೂ ಕೇಳುತ್ತದೆ. ನಿನ್ನವು ಸಾಧು ಅಂತೀಯಲ್ಲ, ಮೈಯಲ್ಲಿ ಹುಷಾರಿಲ್ಲವೋ ಏನೋ ನೋಡು. ಡಾಕ್ಟರಿಗೆ ತೋರಿಸು.

ಉತ್ತರ ಬೇಗ ಹಾಕು. ಟೀವಿಯವರಿಗೆ ಒಪ್ಪಿಗೆ ಪತ್ರ ಕಳಿಸಬೇಕು, ನಿನ್ನ ಸಹಿ ಬೇಕು. ಹಾಳೆ ಇದರೊಳಗಿದೆ.

ನಿನ್ನ ತಮ್ಮ


12 ಮಾರ್ಚ್ 1998

ಉದ್ದಪ್ಪಾ,

ತಡವಾಯಿತು. ಸಹಿ ಹಾಕಿಲ್ಲ, ಹಾಳೆ ವಾಪಸು ಕಳಿಸುತ್ತಿದ್ದೇನೆ. ಮೇ ತಿಂಗಳೆಂದರೆ ರಜೆಯ ಗದ್ದಲ, ನಿಲ್ದಾಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಜೆ ಕೇಳಿದರೆ ಮ್ಯಾನೇಜರು ಮುಖ ಹರಳೆಣ್ಣೆ ಕುಡಿದ ಹಾಗೆ ಮಾಡುತ್ತಾರೆ. ಮೇಲಾಗಿ, ನಲವತ್ತನಾಲ್ಕು ವರ್ಷದ ಹೆಂಗಸು ಬಣ್ಣದ ದೀಪದ ಕೆಳಗೆ ಕೂತು ಗಂಟೆ ಹೊಡೆಯುವುದು ಚೆನ್ನಾಗಿರುತ್ತದಾ? ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು. ಅವಳಿಗೂ ಹಾಡು ಗೊತ್ತು.

ಹಕ್ಕಿಗಳು ಚೆನ್ನಾಗಿವೆ, ಕಾಯಿಲೆ ಏನಿಲ್ಲ. ನಿನ್ನೆ ಮಹಡಿ ಮೇಲಿನ ಟೈಲರಮ್ಮ ಬಂದಿದ್ದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನ್ರೀ, ನಿಮ್ಮ ಹಕ್ಕಿಗಳ ಗಲಾಟೆಗೆ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ನಿಮಗೆ ಏನೂ ಅನ್ಸಲ್ವಾ?" ಅಂದಳು. ಸಿಡುಕಿನ ಹೆಂಗಸು, ಏನೇನೋ ಹೇಳುತ್ತಾಳೆ. ಪಂಜರವನ್ನು ಹಿಂದಿನ ಕೋಣೆಗೆ ಹಾಕಿದ್ದೇನೆ.

ಜಿಗ್‌ಸಾ ಮುಗಿಯಿತು. ಕೊನೇ ತುಂಡು ಕೂರಿಸಿ ಒಂದು ನಿಮಿಷ ನೋಡಿದೆ. ಆಮೇಲೆ ಪೂರ್ತಿ ಕೆಡವಿ ಡಬ್ಬಿಗೆ ತುಂಬಿದೆ. ಮಾರನೇ ದಿನ ಮತ್ತೆ ಶುರು. ಬಣ್ಣದ ಘನವೊಂದನ್ನೂ ತಂದಿದ್ದೇನೆ, ಆರು ಮುಖ ಆರು ಬಣ್ಣ, ತಿರುಗಿಸಿ ತಿರುಗಿಸಿ ಹೊಂದಿಸಬೇಕಲ್ಲ, ಅದು. ಕೌಂಟರಿನಲ್ಲಿ ಜನ ಇಲ್ಲದಾಗ ಮೇಜಿನ ಕೆಳಗೆ ತಿರುಗಿಸುತ್ತಿರುತ್ತೇನೆ. ಸಂಜೆ ಧಾರಾವಾಹಿ. ಸದ್ದು ಪೂರ್ತಿ ತಗ್ಗಿಸಿ, ಅವರ ಮಾತನ್ನೆಲ್ಲ ನಾನೇ ಹೇಳಿಕೊಳ್ಳುತ್ತೇನೆ. ಅತ್ತೆ ಕಣ್ಣು ದೊಡ್ಡದು ಮಾಡಿದಾಗ ನಾನು "ಉಪ್ಪಿನ ಡಬ್ಬಿ ಎಲ್ಲಿಟ್ಟೆ?" ಅನ್ನಿಸುತ್ತೇನೆ. ಸೊಸೆ ಗಳಗಳ ಅಳುತ್ತಾಳೆ. ಅವರು ಬರೆದದ್ದಕ್ಕಿಂತ ನನ್ನದೇ ವಾಸಿ.

ಇಷ್ಟೆಲ್ಲ ಇದ್ದರೂ ಸಂಜೆ ಆರರ ಮೇಲೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯವರೆಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ಔಷಧಿ ಅಂಗಡಿಯವನು ಏನೋ ಕಳೆದುಕೊಂಡು ಹುಡುಕುತ್ತಿದ್ದೇನೆ ಅಂದುಕೊಂಡಿದ್ದಾನೆ.

ಅಕ್ಕ


20 ಮಾರ್ಚ್ 1998

ಅಕ್ಕಾ,

ಬೇಡ ಅಂದರೆ ಬೇಡ ಅನ್ನು. ರಜೆ, ಮ್ಯಾನೇಜರು, ಬಣ್ಣದ ದೀಪ, ಈ ಸಬೂಬುಗಳೆಲ್ಲ ಬೇಡ. ನೀನು ಯಾವತ್ತು ಮ್ಯಾನೇಜರಿಗೆ ಹೆದರಿದವಳು?

ಕಳೆದ ವಾರ ಮೂರು ಸಲ ಫೋನ್ ಮಾಡಿದೆ. ಕೆಟ್ಟಿದೆ ಅಂದಿದ್ದೆ, ಆದರೆ ಗಂಟೆ ಹೋಯಿತು, ನೀನೇ ಎತ್ತಿದೆ. "ಹಲೋ, ಹಲೋ" ಅಂದೆ. "ಅಕ್ಕಾ, ನಾನು, ನಾನು" ಅಂತ ನಾನು ಇಲ್ಲಿ ಗಂಟಲು ಹರಿದುಕೊಂಡೆ. ಬೂತಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀನು ಬೇರೆ ಒಂದು ಮಾತೂ ಆಡದೆ ಇಟ್ಟುಬಿಟ್ಟೆ. ಮೂರು ಸಲವೂ. ನನ್ನ ಕಡೆ ಫೋನು ಸ್ವಚ್ಛವಾಗಿತ್ತು, ನಿನ್ನ ಮನೆಯ ಹಕ್ಕಿಗಳು ಕೂಗುವುದು ಕೂಡ ಕೇಳುತ್ತಿತ್ತು.

ನನಗೆ ಗೊತ್ತು ಅಕ್ಕ. ಇದು ಕ್ಯಾಸೆಟ್ಟಿನ ವಿಷಯ. ಅಪ್ಪನ ಇನ್ನೂರು ಕ್ಯಾಸೆಟ್ಟು ನನ್ನ ಹತ್ತಿರ ಇದ್ದಾಗ ಹಾಳಾದವು ಅಂತ ನಿನಗೆ ಒಳಗೊಳಗೇ ಕುದಿಯುತ್ತಿದೆ. ಹಾಡಿನ ಮಾತೆತ್ತಿದ ಕೂಡಲೇ ಅದು ಮೇಲೆ ಬಂತು. ಮನೆಗೆ ನೀರು ನುಗ್ಗಿದರೆ ನಾನೇನು ಮಾಡಲಿ? ಮೂರು ವರ್ಷದಿಂದ ನನ್ನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ನೀನು.

ಹಾಳೆ ಮತ್ತೆ ಕಳಿಸುತ್ತಿದ್ದೇನೆ. ಒಪ್ಪಿಗೆ ಕೊಡಲು ಏಪ್ರಿಲ್ ಕೊನೆಯವರೆಗೆ ಸಮಯವಿದೆ.

ತಮ್ಮ


2 ಏಪ್ರಿಲ್ 1998

ಉದ್ದಪ್ಪನಿಗೆ,

ಕ್ಯಾಸೆಟ್ಟಿನ ವಿಷಯ ನಾನು ಮರೆತೇ ಬಿಟ್ಟಿದ್ದೆ. ಕೋಪ ಇಲ್ಲ. ಫೋನಿನಲ್ಲಿ ನೀನು ಅಂತ ತಿಳಿಯಲಿಲ್ಲ, ಯಾವುದೋ ತಪ್ಪು ನಂಬರು ಅಂದುಕೊಂಡೆ.

ಹಕ್ಕಿಗಳನ್ನು ಅಂಗಡಿಗೆ ವಾಪಸು ಕೊಟ್ಟೆ. ಟೈಲರಮ್ಮ ಈಗ ನಗುತ್ತಾಳೆ.

ಹಾಳೆಯನ್ನು ಇನ್ನು ಕಳಿಸಬೇಡ.

ಅಕ್ಕ


9 ಏಪ್ರಿಲ್ 1998

ಅಕ್ಕಾ,

ನಿನ್ನಿಂದ ಇಷ್ಟು ಚಿಕ್ಕ ಕಾಗದ ಯಾವತ್ತೂ ಬಂದದ್ದಿಲ್ಲ. ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿನ್ನ ಕೋಪ ನಿಜ, ಅದಕ್ಕೆ ಕಾರಣವೂ ನಿಜ. ನಾನು ಹೇಳಿದ್ದು ಮಾತ್ರ ನಿಜ ಅಲ್ಲ.

ಮನೆಗೆ ನೀರು ನುಗ್ಗಿರಲಿಲ್ಲ.

ಅಪ್ಪ ಮಲಗಿದ್ದ ಆ ಎಂಟು ತಿಂಗಳು ನೀನೊಬ್ಬಳೇ ನೋಡಿಕೊಂಡೆ. ನಾನು ಬರುತ್ತೇನೆ, ಈ ಕೆಲಸ ಮುಗಿದ ಮೇಲೆ ಬರುತ್ತೇನೆ ಅಂತ ಫೋನಿನಲ್ಲಿ ಹೇಳುತ್ತಲೇ ಇದ್ದೆ. ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೀನು ಒಂದು ಮಾತೂ ಅನ್ನದೆ ಆ ಕ್ಯಾಸೆಟ್ಟಿನ ಟ್ರಂಕನ್ನು ನನ್ನ ಕೈಗೆ ಕೊಟ್ಟೆ. "ಅಪ್ಪ ನಿಂಗೆ ಕೊಡು ಅಂದ್ರು" ಅಂದೆ. ಇಲ್ಲಿಗೆ ತಂದ ಮೇಲೆ ಒಂದು ಭಾನುವಾರ ಒಂದು ಕ್ಯಾಸೆಟ್ ಹಾಕಿದೆ. ಹಾಡು ಮುಗಿದ ಮೇಲೆ ಟೇಪಿನಲ್ಲಿ ಅಪ್ಪನ ಕೆಮ್ಮು ಇತ್ತು. ರೇಡಿಯೋದ ಮುಂದೆ ಟೇಪು ಇಟ್ಟು ರೆಕಾರ್ಡ್ ಮಾಡಿಕೊಂಡದ್ದಲ್ಲವಾ, ಕೆಮ್ಮೂ ಸೇರಿಕೊಂಡಿದೆ. ಆಮೇಲೆ ನಿನ್ನ ದನಿ, "ಅಪ್ಪಾ, ಬಿಸಿನೀರು ತಗೊಳ್ಳಿ." ನನಗೆ ತಡೆಯಲಾಗಲಿಲ್ಲ. ಆ ಮಧ್ಯಾಹ್ನವೇ ಟ್ರಂಕಿನ ಸಮೇತ ಗುಜರಿಯವನಿಗೆ ಎತ್ತಿ ಕೊಟ್ಟೆ. ಮಾರನೇ ದಿನ ಬುದ್ಧಿ ಬಂದು ಓಡಿದೆ. ಕರಗಿಸುವ ಕಡೆಗೆ ಹೋಗಿಯಾಗಿತ್ತು.

ಇದನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಆ ಟೀವಿ ಕಾರ್ಯಕ್ರಮವೂ ಅದಕ್ಕೇ. ಒಟ್ಟಿಗೆ ಒಂದು ದಿನ ಹಾಡು ಕೇಳುತ್ತಾ ಕೂತರೆ ಹೇಗಾದರೂ ಬಾಯಿ ಬಿಡಬಹುದು ಅಂದುಕೊಂಡಿದ್ದೆ.

ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ನಿನ್ನ ತಮ್ಮ


26 ಏಪ್ರಿಲ್ 1998

ನನ್ನ ಉದ್ದಪ್ಪಾ,

ನಿನ್ನ ಕಾಗದವನ್ನು ನಿಲ್ದಾಣದ ಊಟದ ಕೋಣೆಯಲ್ಲಿ ಓದಿದೆ. ಅಲ್ಲಿಯ ಆಯಾ ಗಾಬರಿಯಾಗಿ ಒಂದು ಲೋಟ ನೀರು ತಂದುಕೊಟ್ಟಳು.

ಕೆಮ್ಮಿನ ಟೇಪು ನನಗೆ ಗೊತ್ತು. ನೀಲಿ ಪಟ್ಟಿಯದು. ಅದು ಹೋಯಿತೆಂದು ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಇದ್ದಿದ್ದರೂ ಈಗ ನನಗೆ ಅದರಲ್ಲಿ ಏನೂ ಕೇಳುತ್ತಿರಲಿಲ್ಲ.

ನನಗೆ ಕಿವಿ ಕೇಳುವುದಿಲ್ಲ ಕಣೋ. ಬಲಗಿವಿ ಹೋಗಿ ಎರಡು ವರ್ಷವಾಯಿತು. ಎಡಗಿವಿ ಕಳೆದ ವರ್ಷದಿಂದ ಹೋಗುತ್ತಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಫೋನಿನ ಗಂಟೆ ಹೊಡೆದರೆ ಎಡಗಿವಿಗೆ ಹೇಗೋ ತಿಳಿಯುತ್ತದೆ, ಆದರೆ ಫೋನಿನಲ್ಲಿ ತುಟಿ ಎಲ್ಲಿರುತ್ತದೆ? ಧಾರಾವಾಹಿಯ ಸದ್ದು ತಗ್ಗಿಸುತ್ತೇನೆ ಅಂತ ಬರೆದಿದ್ದೆನಲ್ಲ, ಪೂರ್ತಿ ಏರಿಸಿದರೂ ಅಷ್ಟೇ. ಹಕ್ಕಿಗಳು ಕಿರುಚುತ್ತಿದ್ದವೆಂದು ಆ ಟೈಲರಮ್ಮ ಬಂದು ಬೈಯುವವರೆಗೂ ನಿಜವಾಗಿ ನನಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಪಂಜರದ ಮುಂದೆ ಕೂತೆ. ಕೊಕ್ಕು ತೆರೆಯುವುದು, ಮುಚ್ಚುವುದು. ಒಂದು ತಿಂಗಳಿನಿಂದ ಅವು ನನ್ನ ಮುಖದ ಮೇಲೇ ಕೂಗುತ್ತಿದ್ದವು.

ಇದಿಷ್ಟೇ ಆಗಿದ್ದರೆ ನಿನಗೆ ಎಂದೋ ಬರೆದಿರುತ್ತಿದ್ದೆ. ಇನ್ನೊಂದಿದೆ. ಅದನ್ನು ಬರೆಯಲು ಮೂರು ಸಲ ಎದ್ದು ಓಡಾಡಿ ಬಂದು ಕೂತಿದ್ದೇನೆ.

ಜನವರಿಯಲ್ಲಿ ಒಂದು ದಿನ ಪಕ್ಕದ ಕಿಟಕಿಯವರು ಐದು ನಿಮಿಷ ಟೀ ಕುಡಿಯಲು ಹೋಗಿದ್ದರು. ವಿಚಾರಣೆಯ ಫೋನು ಅವರ ಮೇಜಿನ ಮೇಲಿರುತ್ತದೆ, ಅದನ್ನು ನೋಡಿಕೊಳ್ಳುವುದು ಅವರ ಕೆಲಸ. ಅದರ ದೀಪ ಮಿಣುಕಿತು. ಸುತ್ತ ಜನ ನೋಡುತ್ತಿದ್ದರು, ಎತ್ತದಿದ್ದರೆ ಚೆನ್ನಾಗಿರುವುದಿಲ್ಲ ಅಂತ ಎತ್ತಿದೆ. ಯಾರೋ ಗಂಡಸು. ಏನು ಕೇಳಿದರೋ ತಿಳಿಯಲಿಲ್ಲ. ಎಲ್ಲರೂ ಬೆಳಗಿನ ಬಸ್ಸನ್ನೇ ಕೇಳುವುದಲ್ಲವಾ ಅಂತ, "ಹೌದು, ಇದೆ, ಬನ್ನಿ" ಅಂದುಬಿಟ್ಟೆ. ಅವರು ಕೇಳಿದ್ದು ಸಂಜೆಯ ಬಸ್ಸು. ಅದು ರದ್ದಾಗಿ ವಾರವಾಗಿತ್ತು. ಕಣ್ಣಿನ ಆಪರೇಷನ್ ಆದ ಹೆಂಡತಿಯನ್ನು ಆಸ್ಪತ್ರೆಯಿಂದ ನೇರ ನಿಲ್ದಾಣಕ್ಕೆ ಕರೆತಂದರಂತೆ. ಧೂಳು, ಗಾಳಿ. ಆಕೆಯ ಕಣ್ಣಿಗೆ ಪಟ್ಟಿ. ಬೆಂಚಿನ ಮೇಲೆ ಮೂರು ಗಂಟೆ ಕೂತು, ಬೇರೆ ಗಾಡಿ ಹಿಡಿದು ಹೋದರು. ಮಾರನೇ ದಿನ ದೂರು ಬಂತು.

ಫೋನು ಪಕ್ಕದ ಕಿಟಕಿಯವರ ಮೇಜಿನದು, ಆದ್ದರಿಂದ ದೂರೂ ಅವರ ತಲೆಗೇ ಬಂತು. "ನಾನು ಆ ಫೋನ್ ತಗೊಂಡಿಲ್ಲ ಸರ್" ಅಂದರು. ಮ್ಯಾನೇಜರು ನನ್ನ ಕಡೆ ತಿರುಗಿ ಕೇಳಿದರು, "ನೀವು ತಗೊಂಡ್ರಾ?" ಆ ಮಾತು ಮಾತ್ರ ನನಗೆ ಚೆನ್ನಾಗಿ ತಿಳಿಯಿತು, ಎದುರಿಗೇ ನಿಂತಿದ್ದರು. ನಾನು "ಗೊತ್ತಿಲ್ಲ ಸರ್" ಅಂದೆ. ತಗೊಂಡೆ ಅಂದರೆ ಯಾಕೆ ತಪ್ಪು ಹೇಳಿದಿರಿ ಅಂತಾರೆ. ಕೇಳಿಸಲಿಲ್ಲ ಅಂದರೆ ಮೈಕು ಹೋಗುತ್ತದೆ. ಇಪ್ಪತ್ತೊಂದು ವರ್ಷದಿಂದ ಈ ನಿಲ್ದಾಣದ ದನಿ ಅಂದರೆ ನಾನು. ಅವರನ್ನು ಟೈರ್ ಸ್ಟೋರಿಗೆ ಹಾಕಿದರು.

ಅವರು ಹೋದ ವಾರವೇ ಹಕ್ಕಿ ತಂದೆ. ಆಮೇಲೆ ಜಿಗ್‌ಸಾ, ಆಮೇಲೆ ಆ ಘನ. ನಿನಗೆ ಅದೆಲ್ಲ ಅಕ್ಕನ ಹುಡುಗಾಟವಾಗಿ ಕಂಡಿರಬೇಕು. ನನಗೆ ಒಂದು ಗಳಿಗೆ ಖಾಲಿ ಸಿಕ್ಕಿದರೆ ಆ "ಗೊತ್ತಿಲ್ಲ ಸರ್" ಬಂದು ಎದುರಿಗೆ ಕೂರುತ್ತದೆ.

ಈಗ ಹೇಳು, ನಮ್ಮಿಬ್ಬರಲ್ಲಿ ಯಾರು ಯಾರನ್ನು ಬೈಯಬೇಕು?

ಅಕ್ಕ


4 ಮೇ 1998

ಅಕ್ಕಾ,

ಬೈಯುತ್ತೇನೆ, ತಾಳು. ಎರಡು ವರ್ಷದಿಂದ ಕಿವಿ ಕೇಳದೆ ಒಬ್ಬಳೇ ಹೆಣಗಾಡಿದ್ದೀಯಲ್ಲ, ನಾನೇನು ಸತ್ತು ಹೋಗಿದ್ದೆನಾ? ಲಿಫ್ಟಿನ ಬಾವಿಯೊಳಗೆ ಮೋಟಾರಿನ ಆರ್ಭಟದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನಾನು, ಹೆಲ್ಪರು, ಬರೀ ಟಾರ್ಚಿನಲ್ಲೇ ಮಾತಾಡುತ್ತೇವೆ. ಒಂದು ಸಲ ಹಚ್ಚಿದರೆ ಮೇಲೆ, ಎರಡು ಸಲಕ್ಕೆ ನಿಲ್ಲು. ಹೇಳಿದ್ದರೆ ನಿನಗೂ ಒಂದು ಟಾರ್ಚು ತಂದುಕೊಡುತ್ತಿದ್ದೆ.

ಬೈದದ್ದು ಆಯಿತು. ಈಗ ವಿಷಯಕ್ಕೆ ಬರುತ್ತೇನೆ. ಕಿವಿಯ ಡಾಕ್ಟರಲ್ಲಿಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಇಲ್ಲಿ ಒಬ್ಬರು ಒಳ್ಳೆಯವರಿದ್ದಾರೆ, ಹದಿನೈದಕ್ಕೆ ಸಮಯ ತಗೊಂಡಿದ್ದೇನೆ. ಟೀವಿಯವರಿಗೆ ನಿನ್ನ ಬದಲು ನನ್ನವಳ ಹೆಸರು ಕೊಟ್ಟೆ. ಅವಳು ಈಗಾಗಲೇ ಮೂರು ಸೀರೆ ಉಟ್ಟು ಬಿಚ್ಚಿ ಆಗಿದೆ. ನೀನು ನೋಡುವವರ ಸಾಲಿನಲ್ಲಿ ಕೂರು. ಬರಲೇಬೇಕು.

ಇನ್ನೊಂದು ಮಾತು, ಅದನ್ನು ಬರೆಯದೆ ಇರಲಾರೆ. ಕಿವಿ ಹೋದದ್ದು ನಿನ್ನ ತಪ್ಪಲ್ಲ. ಆ ಫೋನು ಎತ್ತಿದ್ದೂ ಕ್ಷಮಿಸುವಂಥದ್ದೇ. ಆದರೆ ಆ ಮನುಷ್ಯ ಇವತ್ತಿಗೂ ಟೈರುಗಳ ಮಧ್ಯೆ ಕೂತಿದ್ದಾನೆ. ನನಗೆ ಹೇಳಿದೆ, ಒಳ್ಳೆಯದಾಯಿತು. ಹೇಳಬೇಕಾದದ್ದು ನನಗಲ್ಲ.

ತಮ್ಮ


24 ಮೇ 1998

ಉದ್ದಪ್ಪಾ,

ಸುಖವಾಗಿ ಬಂದು ಸೇರಿದೆ. ಕಿವಿಯ ಹಿಂದಿನ ಈ ಪುಟಾಣಿ ಮಷೀನು ನನ್ನನ್ನು ಹುಚ್ಚು ಹಿಡಿಸುತ್ತಿದೆ. ಅದಕ್ಕೆ ಬೇಕಾದ ಸದ್ದು, ಬೇಡದ ಸದ್ದು ಅನ್ನುವ ಭೇದವಿಲ್ಲ. ಚಮಚ ಕೆಳಗೆ ಬಿದ್ದರೆ ತಲೆಯೊಳಗೆ ಪಾತ್ರೆ ಅಂಗಡಿ ಕುಸಿದ ಹಾಗೆ. ಮಾತು ತಿಳಿಯುತ್ತದೆ, ಎದುರಿಗಿದ್ದರೆ ಇನ್ನೂ ಚೆನ್ನಾಗಿ. ಹಾಡು ಮಾತ್ರ ಹಾಡಾಗಿ ಬರುವುದಿಲ್ಲ. ತಗಡಿನ ಮೇಲೆ ಯಾರೋ ಉಜ್ಜಿದಂತೆ. ಡಾಕ್ಟರು ಮೊದಲೇ ಹೇಳಿದ್ದರಲ್ಲ, "ಹಾಡಿನ ಬಗ್ಗೆ ನಾನು ಆಸೆ ಹುಟ್ಟಿಸಲ್ಲ" ಅಂತ. ಆಗ ನೀನು ಕಿಟಕಿಯ ಕಡೆ ತಿರುಗಿಕೊಂಡೆ. ಕಣ್ಣು ಒರೆಸಿಕೊಂಡದ್ದು ನನಗೆ ಕಾಣಲಿಲ್ಲ ಅಂದುಕೊಂಡೆಯಾ? ಕಿವಿ ಹೋದವರಿಗೆ ಕಣ್ಣು ಎರಡು ಪಾಲು.

ಶೂಟಿಂಗಿನ ದಿನ ನಿಮ್ಮಿಬ್ಬರಿಗಿಂತ ಹೆಚ್ಚು ಮಜಾ ಬಂದದ್ದು ನನಗೇ. ಪರದೆಯ ಪಕ್ಕದಲ್ಲಿ ಒಬ್ಬ "ಚಪ್ಪಾಳೆ" ಅಂತ ಬರೆದ ಬೋರ್ಡು ಎತ್ತುತ್ತಿದ್ದ. ಅದನ್ನು ನೋಡಿ ನಾವು ನೂರು ಜನ ಚಪ್ಪಾಳೆ ತಟ್ಟುವುದು. "ನಗು" ಅಂತ ಎತ್ತಿದರೆ ನಗುವುದು. ಎರಡು ವರ್ಷದಲ್ಲಿ ಮೊದಲ ಸಲ ಒಂದು ಸಭೆಯಲ್ಲಿ ಎಲ್ಲರ ಜೊತೆ ಸರಿಯಾದ ಸಮಯಕ್ಕೆ ನಕ್ಕೆ. ಆಮೇಲೆ ನಿಮಗೆ ಎರಡನೇ ಹಾಡು ಹಾಕಿದರು. ನನಗೆ ಒಂದು ಎಳೆಯೂ ಸಿಗಲಿಲ್ಲ. ಆದರೆ ನಿನ್ನ ಮುಖ ನೋಡುತ್ತಿದ್ದೆ. ನಿನಗೆ ಆ ಹಾಡು ಗೊತ್ತಿತ್ತು. ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಿನ್ನ ಹೆಂಡತಿ ಮಧ್ಯೆ ಗಂಟೆ ಹೊಡೆದು ಬೇರೇನೋ ಹೇಳಿಬಿಟ್ಟಳು! ಪಾಪ, ಅವಳನ್ನು ಇನ್ನು ಅಣಕಿಸಬೇಡ. ಆ ಸೀರೆ ಅವಳಿಗೆ ತುಂಬ ಒಪ್ಪುತ್ತಿತ್ತು.

ಬಸ್ಸು ಹೊರಡುವ ಮುಂಚೆ ನೀನು ಕಿಟಕಿಯ ಹೊರಗೆ ನಿಂತು, ದನಿಯಿಲ್ಲದೆ ಬರೀ ತುಟಿಯಲ್ಲಿ ಕೇಳಿದೆ, "ಯಾವಾಗ?" ನಾನು ತಿಳಿಯದವಳ ಹಾಗೆ ಕೈ ಬೀಸಿದೆ. ತಿಳಿದಿತ್ತು.

ಡಿಪೋ ಇಲ್ಲಿಂದ ಎರಡು ಸ್ಟಾಪು. ಈ ವಾರ ಮೂರು ಸಲ ಹೋದೆ. ಮೊದಲ ಸಲ ಗೇಟಿನವನು "ಯಾರು ಬೇಕಿತ್ತು?" ಅಂದ, "ಯಾರೂ ಇಲ್ಲ" ಅಂದು ವಾಪಸು ಬಂದೆ. ಎರಡನೇ ಸಲ ಗೇಟಿನವರೆಗೂ ಹೋಗಲಿಲ್ಲ. ಮೂರನೇ ಸಲ ಅವರೇ ಹೊರಗೆ ಬರುವುದು ಕಾಣಿಸಿತು. ತೆಳ್ಳಗಾಗಿದ್ದಾರೆ. ನಾನು ಪೇಪರು ಅಂಗಡಿಯ ಹಿಂದೆ ನಿಂತು, ಬೇಡದ ಒಂದು ಸಿನಿಮಾ ಪತ್ರಿಕೆ ಕೊಂಡು, ಅದನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಮುಖಪುಟದ ಹೀರೋಯಿನ್ನು ನಗುತ್ತಿದ್ದಳು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಕ್ಕ


2 ಜೂನ್ 1998

ಅಕ್ಕಾ,

ನಾಲ್ಕನೇ ಸಲ ಹೋಗು.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಸುಳ್ಳನ್ನು ಮೂರು ವರ್ಷ ಹೊತ್ತು ತಿರುಗಿದವನು ನಾನು. ಇಳಿಸಿದ ದಿನ ಏನಾಗುತ್ತದೆ ಅಂತ ನಿನಗೆ ಹೇಳಬಲ್ಲೆ: ಹಗುರವೇನೂ ಆಗುವುದಿಲ್ಲ. ಮೊದಲು ಹೇಳಿದ್ದನ್ನು ವಾಪಸು ತಗೊಳ್ಳೋಣ ಅನ್ನಿಸುತ್ತದೆ. ಆಮೇಲೆ ಹೊಟ್ಟೆ ಹಸಿಯುತ್ತದೆ.

ತಮ್ಮ


19 ಜೂನ್ 1998

ಪ್ರೀತಿಯ ಉದ್ದಪ್ಪನಿಗೆ,

ಮೊದಲು ಮ್ಯಾನೇಜರ ಹತ್ತಿರ ಹೋದೆ. ಮಾತಾಡಿದರೆ ಎಲ್ಲಿ ಜಾರಿಕೊಳ್ಳುತ್ತೇನೋ ಅಂತ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂದರು. ಆ ಪ್ರಶ್ನೆಗೆ ಪದಬಂಧ ಬಿಡಿಸುತ್ತಿದ್ದೆ ಅನ್ನಲಾಗುತ್ತದಾ? ಒಂದು ಮೆಮೊ ಬಂತು. ಮೈಕು ಹೋಯಿತು. ಸೋಮವಾರದಿಂದ ಪಾಸು ವಿಭಾಗ, ಪಾಸುಗಳಿಗೆ ಫೋಟೋ ಅಂಟಿಸಿ ಮುದ್ರೆ ಒತ್ತುವ ಕೆಲಸ. ಪಕ್ಕದ ಕಿಟಕಿಯವರನ್ನು ಮುಂದಿನ ತಿಂಗಳು ವಿಚಾರಣೆ ಕೌಂಟರಿಗೆ ವಾಪಸು ಕರೆಸುತ್ತಾರೆ, ದೂರನ್ನು ಅವರ ದಾಖಲೆಯಿಂದ ತೆಗೆಯುತ್ತಾರೆ. ಆದೇಶದ ಪ್ರತಿಯನ್ನು ನಾನೇ ಕಣ್ಣಾರೆ ನೋಡಿದೆ.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದೇಶ ತಾನಾಗಿಯೇ ಅವರ ಕೈ ಸೇರುತ್ತಿತ್ತು. ಬಿಡಲಿಲ್ಲ, ಡಿಪೋಗೆ ಹೋದೆ. ಗೇಟಿನವನು ಕೇಳುವ ಮೊದಲೇ "ಟೈರ್ ಸ್ಟೋರು" ಅಂದೆ.

ಉದ್ದನೆಯ ಶೆಡ್ಡು. ಸೂರಿನವರೆಗೆ ಟೈರುಗಳು, ಉಸಿರಾಡಿದರೆ ಬರೀ ರಬ್ಬರು. ಪಕ್ಕದಲ್ಲೇ ಗಾಳಿ ತುಂಬುವ ಯಂತ್ರ ಓಡುತ್ತಿತ್ತು. ನನ್ನ ಮಷೀನು ಅದನ್ನಷ್ಟೂ ಎತ್ತಿ ತಲೆಯೊಳಗೆ ಸುರಿಯಿತು. ಅವರು ಬೆನ್ನು ತಿರುಗಿಸಿ ನಿಂತು, ಟೈರುಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ನಾನು ಹೋಗಿ ಹತ್ತಿರ ನಿಂತೆ.

"ಆ ಫೋನ್ ತಗೊಂಡಿದ್ದು ನಾನು. ಮ್ಯಾನೇಜರ್‌ಗೆ ಹೇಳಿಬಿಟ್ಟೆ" ಅಂದೆ.

ಅವರ ಕೈ ನಿಂತಿತು. ತಿರುಗಲಿಲ್ಲ. ಏನೋ ಹೇಳಿದರು. ಭುಜ ಅಲುಗಿದ್ದು ಕಾಣಿಸಿತು, ಮಾತು ಯಂತ್ರದ ಸದ್ದಿನಲ್ಲಿ ಕೊಚ್ಚಿ ಹೋಯಿತು.

ಇಂಥ ಹೊತ್ತಿಗೆ ನಾನು ಏನು ಮಾಡುತ್ತೇನೆ ಅಂತ ನಿನಗೆ ಗೊತ್ತಿಲ್ಲ. ಸ್ವಲ್ಪ ನಗುತ್ತೇನೆ, "ಹೌದೌದು" ಅಂತ ತಲೆಯಾಡಿಸುತ್ತೇನೆ, ಅಲ್ಲಿಂದ ಜಾಗ ಖಾಲಿ ಮಾಡುತ್ತೇನೆ. ಎರಡು ವರ್ಷ ಹಾಗೇ ದಾಟಿಸಿದ್ದೇನೆ. ಆ ನಗು ಆಗಲೇ ತುಟಿಗೆ ಬರುತ್ತಿತ್ತು.

"ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ" ಅಂದೆ.

ಅವರು ಸೀಮೆಸುಣ್ಣ ಕೆಳಗಿಟ್ಟರು. ಹೋಗಿ ಯಂತ್ರ ನಿಲ್ಲಿಸಿದರು. ವಾಪಸು ಬಂದು, ಬಾಗಿಲ ಬೆಳಕು ಮುಖದ ಮೇಲೆ ಬೀಳುವಂತೆ ನನ್ನ ಎದುರಿಗೆ ನಿಂತರು.

"ಗೊತ್ತಿತ್ತು ಅಂದೆ. ಫೋನ್ ತಗೊಂಡಿದ್ದು ನೀವೇ ಅಂತ ಗೊತ್ತಿತ್ತು. ನಿಮಗೆ ಕಿವಿ ಕೇಳಲ್ಲ ಅನ್ನೋದೂ ಗೊತ್ತಿತ್ತು. ಒಂದು ವರ್ಷ ನಿಮ್ಮ ಪಕ್ಕದಲ್ಲಿ ಕೂತಿದ್ದೆ ಮೇಡಂ. ಜನ ಕೇಳಿದ್ದನ್ನ ನಾನು ಜೋರಾಗಿ ಇನ್ನೊಂದು ಸಲ ಹೇಳ್ತಿದ್ದೆನಲ್ಲ, ನನಗೇನು ಗಂಟಲು ಕಡೀತಿತ್ತಾ?"

ನಾನು ಅವರ ತುಟಿಯನ್ನೇ ನೋಡುತ್ತಾ ಕೇಳಿದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ನಿಮ್ಮ ಕೈಯಿಂದ ಮೈಕು ಕಿತ್ಕೋತಿದ್ರು. ಆ ಕೆಲಸ ನಾನ್ಯಾಕೆ ಮಾಡ್ಲಿ? ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ. ನಾಳೆ ಹೇಳ್ತಾರೆ, ಸೋಮವಾರ ಹೇಳ್ತಾರೆ, ತಿಂಗಳ ಕೊನೆಗೆ ಹೇಳ್ತಾರೆ." ಕೈಬೆರಳಲ್ಲಿ ಎಣಿಸಿ ತೋರಿಸಿದರು. "ಐದು ತಿಂಗಳು."

ನಾನು ತಪ್ಪಾಯಿತು ಅಂದೆ. ಎಷ್ಟು ಸಲ ಅಂದೆನೋ.

"ನಿಮ್ಮ ಮೇಲೆ ಕೋಪ ಇಲ್ಲ ಅಂತ ಇವತ್ತು ನನ್ನ ಬಾಯಲ್ಲಿ ಬರಲ್ಲ" ಅಂದರು. ಒಂದೊಂದು ಅಕ್ಷರವನ್ನೂ ನಿಧಾನವಾಗಿ, ನನಗೆ ತಿಳಿಯುವ ಹಾಗೆ.

"ಬರೋದು ಬೇಡ" ಅಂದೆ.

ಅವರು ಮೂಲೆಯಿಂದ ಒಂದು ಸ್ಟೂಲು ಎಳೆದು ತಂದು ನನ್ನ ಮುಂದಿಟ್ಟರು. ರಿಜಿಸ್ಟರು ಮಂಡಿಯ ಮೇಲಿಟ್ಟುಕೊಂಡು ತಾವೊಂದು ಟೈರಿನ ಮೇಲೆ ಕೂತರು. "ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ. ಆ ಸಾಲಿನ ನಂಬರ್‌ಗಳು ಸಣ್ಣಕ್ಕಿವೆ. ಓದಿ, ಬರ್ಕೋತೀನಿ."

ಓದಿದೆ. ಒಂದೊಂದು ಟೈರಿನ ಪಕ್ಕೆಯ ಮೇಲೆ ಏಳೇಳು ಅಂಕಿ. ಮೈಕಿನಲ್ಲಿ ಓದುವ ಹಾಗೇ ಬಿಡಿಬಿಡಿಯಾಗಿ, ಎತ್ತರದ ದನಿಯಲ್ಲಿ ಓದಿದೆ, ಬೇರೆ ತರಹ ಓದಲು ನನಗೆ ಬರುವುದಿಲ್ಲ. ಬರೆಯುವುದು ಹಿಂದೆ ಬಿದ್ದಾಗ ಅವರು ಕೈ ಎತ್ತುತ್ತಿದ್ದರು, ನಾನು ತಿರುಗಿ ಓದುತ್ತಿದ್ದೆ. ಎಪ್ಪತ್ತೆರಡು ಟೈರುಗಳಿದ್ದವು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ನನಗೆ ಎದ್ದು ಓಡಾಡಬೇಕು ಅನ್ನಿಸಲಿಲ್ಲ.

ನಿನ್ನ ಅಕ್ಕ